ಪರೀಕ್ಷೆಗೆ ದಿನ ಗೊತ್ತಿಲ್ಲ, ರಾತ್ರಿ ನಿದ್ದೆ ಇಲ್ಲ

ಪ್ರಶ್ನೆ: ಧಾರವಾಡದ ಹಾಸ್ಟೆಲ್‌ನಲ್ಲಿದ್ದು ಎಂ.ಎಸ್ಸಿ. ರಸಾಯನಶಾಸ್ತ್ರ ಓದುತ್ತಿದ್ದೇನೆ. ಊರು ರೋಣದ ಕಡೆ. ತರಗತಿ ಮುಗಿದಿವೆ. ಪರೀಕ್ಷೆ ಎರಡು ಸಲ ಮುಂದಕ್ಕೆ ಹೋಯಿತು, ಹೊಸ ದಿನಾಂಕ ಬಂದಿಲ್ಲ. ಚಹಾ ಕುಡಿಯುತ್ತ ರಾತ್ರಿ ಮೂರರವರೆಗೆ ಪುಸ್ತಕ ಹಿಡಿದು ಕೂರುತ್ತೇನೆ, ತಲೆಗೆ ಹತ್ತುವುದಿಲ್ಲ. ಹನ್ನೊಂದಕ್ಕೆ ಏಳುವಷ್ಟರಲ್ಲಿ ಮೆಸ್‌ನಲ್ಲಿ ನಾಷ್ಟಾ ಮುಗಿದಿರುತ್ತದೆ. ಅಪ್ಪ ದಿನಾ ಫೋನ್ ಮಾಡಿ ಪರೀಕ್ಷೆ ಯಾವಾಗ ಅಂತಾರೆ. ರೂಮಿನ ಗೆಳೆಯ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹೋದ. ನಾನೂ ಹೋಗಿಬಿಡಲೇ? ಕೆಲವೊಮ್ಮೆ ಏನೂ ಬೇಡ ಅನಿಸುತ್ತದೆ.

ಉತ್ತರ: ಪತ್ರದ ಕೊನೆಯ ಸಾಲಿನಿಂದಲೇ ಶುರು ಮಾಡೋಣ. ‘ಏನೂ ಬೇಡ’ ಅಂದರೆ ಓದು ಬೇಡ ಅಂತಲೋ, ಬದುಕೇ ಬೇಡ ಅಂತಲೋ? ಎರಡನೆಯದಾಗಿದ್ದರೆ ಉಳಿದದ್ದನ್ನು ಆಮೇಲೆ ಓದಿ. ಈಗಲೇ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮನಸ್, ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಉಚಿತ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಖಾಲಿ ರೂಮಿನಲ್ಲಿ ಒಬ್ಬರೇ ಇರಬೇಡಿ, ಹಾಸಿಗೆ ಎತ್ತಿಕೊಂಡು ಪಕ್ಕದ ರೂಮಿಗೆ ಹೋಗಿ. ಓದಷ್ಟೇ ಬೇಡ ಅನಿಸುತ್ತಿದ್ದರೂ, ಎರಡು ವಾರ ಬಹುತೇಕ ದಿನವಿಡೀ ಮನಸ್ಸು ಕುಗ್ಗಿಯೇ ಇದ್ದರೆ, ಇಷ್ಟದ ಕೆಲಸವೂ ರುಚಿಸದಿದ್ದರೆ, ಡಾಕ್ಟರನ್ನು ಕಾಣಬೇಕು. ನಿಮ್ಮ ಧಾರವಾಡದಲ್ಲೇ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ಇದೆ. ವಿಷಯ ಗುಲ್ಲಾದೀತು ಎಂಬ ಅಂಜಿಕೆ ಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಚಿಕಿತ್ಸೆಯ ವಿವರ ಗೋಪ್ಯ, ಅದನ್ನು ನಿಮ್ಮ ವಿಭಾಗಕ್ಕೆ ತಿಳಿಸುವಂತಿಲ್ಲ.

ಇನ್ನು ನಿದ್ದೆ. ನಿಮ್ಮ ಮಿಕ್ಕ ತೊಂದರೆಗಳ ಬೇರು ಬಹುಮಟ್ಟಿಗೆ ಇಲ್ಲೇ ಇದೆ. ಬೇಗ ಮಲಗಲು ಹೋಗಬೇಡಿ, ಅದು ಆಗುವ ಮಾತಲ್ಲ. ಮೂರಕ್ಕೆ ಮಲಗಿ ರೂಢಿಯಾದ ಮೈ ಹನ್ನೊಂದಕ್ಕೆ ಮಲಗಿಸಿದರೆ ಬರೀ ಹೊರಳಾಡುತ್ತದೆ. ಏಳುವ ಹೊತ್ತನ್ನು ಹಿಡಿಯಿರಿ. ಎರಡು ದಿನಕ್ಕೊಮ್ಮೆ ಅರ್ಧ ತಾಸು ಹಿಂದಕ್ಕೆ: ಹತ್ತೂವರೆ, ಹತ್ತು, ಒಂಬತ್ತೂವರೆ. ಏಳು ಗಂಟೆಗೆ ಬಂದು ನಿಲ್ಲಲು ಹದಿನಾರು ದಿನ ಸಾಕು. ಎದ್ದ ಕೂಡಲೇ ಹೊರಗೆ ಹೋಗಿ ಅರ್ಧ ತಾಸು ನಡೆಯಿರಿ. ಮೈಯೊಳಗಿನ ಗಡಿಯಾರ ಸರಿಹೋಗುವುದು ಬೆಳಗಿನ ಬೆಳಕು ಕಣ್ಣಿಗೆ ಬಿದ್ದಾಗ. ಇದು ಕೆಡುವುದು ಸಾಮಾನ್ಯವಾಗಿ ಭಾನುವಾರ. ಒಂದೇ ದಿನ ಅಂತ ಹನ್ನೊಂದರವರೆಗೆ ಮಲಗಿದರೆ ಆ ರಾತ್ರಿ ಮತ್ತೆ ಮೂರು ಗಂಟೆ. ಮಧ್ಯಾಹ್ನ ತಡೆಯಲಾಗದಿದ್ದರೆ ಇಪ್ಪತ್ತು ನಿಮಿಷ ಮಲಗಿ, ಅಲಾರಂ ಇಟ್ಟುಕೊಂಡು, ಅದೂ ಮೂರರೊಳಗೆ.

ಕುಡಿದ ಚಹಾದ ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ತಾಸು ಬೇಕು. ರಾತ್ರಿ ಹನ್ನೊಂದರ ಚಹಾ ನಾಲ್ಕಕ್ಕೂ ಅರ್ಧ ಮೈಯಲ್ಲೇ ಇರುತ್ತದೆ. ಕೊನೆಯ ಕಪ್ಪು ಮಧ್ಯಾಹ್ನ ಮೂರಕ್ಕೆ ಇರಲಿ. ಒಮ್ಮೆಲೇ ಬಿಟ್ಟರೆ ಕೆಲವು ದಿನ ತಲೆ ಸಿಡಿಯಬಹುದು, ಅದಕ್ಕೇ ದಿನಕ್ಕೊಂದು ಕಪ್ಪು ಕಡಿಮೆ ಮಾಡುತ್ತ ಬನ್ನಿ. ಮಲಗಿ ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಕುರ್ಚಿಯಲ್ಲಿ ಕೂತು ಏನಾದರೂ ಓದಿ, ಮೊಬೈಲ್ ಬೇಡ, ಕಣ್ಣು ಎಳೆದಾಗ ಮತ್ತೆ ಹಾಸಿಗೆಗೆ ಬನ್ನಿ. ಹಾಸಿಗೆಯ ಮೇಲೆ ನೋಟ್ಸ್ ಹರಡಿಕೊಂಡು ಓದುವ ರೂಢಿಯನ್ನೂ ಬಿಡಿ. ಹಾಸಿಗೆ ಕಂಡರೆ ಪರೀಕ್ಷೆ ನೆನಪಾಗುವಂತಾಗಿದೆ ನಿಮಗೆ. ಯಾರದೋ ನಿದ್ದೆ ಮಾತ್ರೆ ಇಸಕೊಂಡು ನುಂಗುವ ಕೆಲಸ ಮಾತ್ರ ಮಾಡಬೇಡಿ.

ಮೆಸ್ ನಾಷ್ಟಾ ಸಿಗುವವರೆಗೆ ಬಿಸ್ಕತ್ತಿನ ಮೇಲೆ ದಿನ ದೂಡಬೇಡಿ. ನಿಮ್ಮ ಕಡೆಯ ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಶೇಂಗಾ ಹಿಂಡಿಯೂ (ಚಟ್ನಿಪುಡಿ) ಅಷ್ಟೇ. ಎರಡು ರೊಟ್ಟಿ, ಹಿಂಡಿ, ಒಂದು ಬಟ್ಟಲು ಮೊಸರು. ಒಲೆಯೂ ಬೇಡ, ಮೆಸ್ಸಿನ ಗಂಟೆಯ ಹಂಗೂ ಇಲ್ಲ. ಊರಿನಿಂದ ಬರುವವರ ಕೈಯಲ್ಲಿ ತರಿಸಿಕೊಳ್ಳಿ.

ದಿನಾಂಕವೇ ಇಲ್ಲದಾಗ ‘ಇನ್ನು ಇಷ್ಟು ದಿನ ಇದೆ’ ಎಂಬ ಲೆಕ್ಕ ನಡೆಯುವುದಿಲ್ಲ. ಘಟಕಗಳ ಲೆಕ್ಕ ಹಾಕಿ. ನಾಲ್ಕು ಪತ್ರಿಕೆ, ತಲಾ ನಾಲ್ಕು ಘಟಕ ಅಂತಿಟ್ಟುಕೊಂಡರೆ ಹದಿನಾರು. ದಿನಕ್ಕೆ ಎರಡರಂತೆ ಎಂಟು ದಿನಕ್ಕೆ ಒಂದು ಸುತ್ತು. ದಿನಾಂಕ ಯಾವತ್ತು ಬಂದರೂ ನೀವು ಎರಡನೆಯದೋ ಮೂರನೆಯದೋ ಸುತ್ತಿನಲ್ಲಿರುತ್ತೀರಿ. ಘಟಕ ಓದಿದ ಮೇಲೆ ಪುಸ್ತಕ ಮುಚ್ಚಿ ಹತ್ತು ನಿಮಿಷ ನೆನಪಿಗೆ ಬಂದದ್ದನ್ನೆಲ್ಲ ಬರೆಯಿರಿ. ಉದಾಹರಣೆಗೆ ಎಸ್‌ಎನ್1, ಎಸ್‌ಎನ್2 (ಅಣುವಿನಲ್ಲಿ ಒಂದು ಗುಂಪಿನ ಜಾಗಕ್ಕೆ ಇನ್ನೊಂದು ಬರುವ ಎರಡು ಬಗೆ) ಕ್ರಿಯಾವಿಧಾನವನ್ನು ನೋಡದೆ ಬಿಡಿಸಿ, ಎಲೆಕ್ಟ್ರಾನ್ ಸರಿಯುವುದನ್ನು ತೋರಿಸುವ ಬಾಣದ ಗುರುತು ಎಲ್ಲಿ ತಪ್ಪಿತು ನೋಡಿ. ಆ ಘಟಕದಲ್ಲಿ ನಾಳೆ ಮತ್ತೆ ಓದಬೇಕಾದ್ದು ತಪ್ಪಿದ ಅಷ್ಟೇ ಭಾಗ. ಬರೀ ಗೆರೆ ಎಳೆಯುತ್ತ ಓದಿದರೆ ಎಲ್ಲ ಬಂದಂತೆ ಅನಿಸುತ್ತದೆ, ಹಾಳೆ ಖಾಲಿ ಇಟ್ಟಾಗ ಗೊತ್ತಾಗುತ್ತದೆ ಬಂದಿಲ್ಲ ಅಂತ.

ವಾಟ್ಸಾಪ್ ಗುಂಪುಗಳನ್ನು ಮ್ಯೂಟ್ ಮಾಡಿ. ವಿಶ್ವವಿದ್ಯಾಲಯದ ಜಾಲತಾಣವನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿದರೆ ಸಾಕು. ಸುತ್ತೋಲೆ ಬಂದರೆ ಯಾರಾದರೂ ಬಂದು ಬಾಗಿಲು ಬಡಿದೇ ಬಡಿಯುತ್ತಾರೆ. ಸಂಜೆ ಆರಕ್ಕೆ ಇಪ್ಪತ್ತು ನಿಮಿಷ ಚಿಂತೆಗೆ ಅಂತಲೇ ಮೀಸಲಿಡಿ. ಹಾಳೆಯ ನಡುವೆ ಗೆರೆ ಎಳೆದು ಒಂದು ಕಡೆ ನಿಮ್ಮ ಕೈಯಲ್ಲಿರುವುದು, ಇನ್ನೊಂದು ಕಡೆ ಇಲ್ಲದ್ದು ಬರೆಯಿರಿ. ಕೈಯಲ್ಲಿರುವುದರಲ್ಲಿ ಒಂದನ್ನು ಅವತ್ತೇ ಮಾಡಿ. ಇದನ್ನು ಮಲಗುವ ಮುಂಚೆ ಮಾಡಿದರೆ ಉಲ್ಟಾ ಹೊಡೆಯುತ್ತದೆ.

ಅಪ್ಪನಿಗೆ ನೀವೇ ಫೋನ್ ಮಾಡಿ ಹೇಳಿ: “ಅಪ್ಪಾ, ಪರೀಕ್ಷಾ ದಿನಾ ಇನ್ನೂ ಹೇಳಿಲ್ಲ. ಹೇಳಿದ ದಿನಾನ ಫೋನ್ ಮಾಡ್ತೇನಿ. ಅಲ್ಲೀತನಕಾ ಅದನ್ನ ಕೇಳಬ್ಯಾಡ್ರಿ, ಊಟಾ ಆತೇನು ಅಂತ ಕೇಳ್ರಿ.” ಅವರು ಕೇಳುತ್ತಿರುವುದು ಬೇರೇನು ಮಾತಾಡಬೇಕೆಂದು ತೋಚದೆ ಇರಬಹುದು.

ಊರಿಗೆ ಹೋಗುವುದು ತಪ್ಪಲ್ಲ. ಆದರೆ ಗಂಟುಮೂಟೆ ಕಟ್ಟಿಕೊಂಡು ಹೋದರೆ ಹೊಲದ ಕೆಲಸ, ಮದುವೆ, ಬಂದುಹೋಗುವವರು ಅಂತ ಓದು ತಪ್ಪುತ್ತದೆ, ಆಮೇಲೆ ಮರಳಿ ಬರಲು ಕಾಲೇ ಏಳುವುದಿಲ್ಲ. ಶುಕ್ರವಾರ ಸಂಜೆ ಹೋಗಿ, ಒಂದೇ ಪತ್ರಿಕೆಯ ನೋಟ್ಸ್ ಒಯ್ಯಿರಿ, ಭಾನುವಾರ ಸಂಜೆಯ ಬಸ್ಸಿಗೆ ಮರಳಿ. ರೊಟ್ಟಿ ತರಿಸಿಕೊಳ್ಳುವ ಬದಲು ನೀವೇ ಕಟ್ಟಿಸಿಕೊಂಡು ಬಂದಂತಾಗುತ್ತದೆ. ಒಂಟಿ ರೂಮು ಸಹಿಸಲಾಗದಷ್ಟು ಮನಸ್ಸು ಕುಗ್ಗಿದ್ದರೆ ಮಾತ್ರ ಈ ಲೆಕ್ಕವೆಲ್ಲ ಬಿಟ್ಟು ಇವತ್ತೇ ಹೊರಡಿ, ಮನೆಯಲ್ಲಿ ಒಬ್ಬರಿಗಾದರೂ ಇದ್ದದ್ದನ್ನು ಇದ್ದಂತೆ ಹೇಳಿ.