ಹಾಡಿಯ ಕತೆ, ಮೊಬೈಲ್ ಆಟ

ಪ್ರಶ್ನೆ: ನಮ್ಮ ಜೇನುಕುರುಬ ಮಕ್ಕಳು ಜೇನು ಕೀಳುವ ಕತೆಯೊಂದನ್ನು ಗೊಡೋ 4 ಎಂಬ ಆಟ ಕಟ್ಟುವ ತಂತ್ರಾಂಶದಲ್ಲಿ ಮೊಬೈಲ್ ಆಟ ಮಾಡುತ್ತಿದ್ದಾರೆ. ಹೆಚ್ಚು ಜೇನು ಕಿತ್ತವರಿಗೆ ಹೆಚ್ಚು ಅಂಕ. ಹಾಡಿಯ ಹಿರಿಯರು ನೋಡಿ, ‘ಇದು ನಮ್ಮ ಕತೆಯಲ್ಲ’ ಅಂದರು. ತೆರೆಯ ಮೇಲೆ ಮಾತು ಮೂಡುವಾಗ ಒತ್ತಕ್ಷರಗಳೂ ಒಡೆಯುತ್ತವೆ. ಏನು ಮಾಡಲಿ?
– ಶಿಕ್ಷಕಿ, ತಿತಿಮತಿ

ಉತ್ತರ: ಹಿರಿಯರ ಮಾತು ಸರಿ. ಎಡವಿರುವುದು ಚಿತ್ರದಲ್ಲಲ್ಲ, ಅಂಕದಲ್ಲಿ. ಹೆಜ್ಜೇನು ಕೊಂಬೆಗೆ ಒಂದೇ ದೊಡ್ಡ ಎರಿ ಕಟ್ಟುತ್ತದೆ. ತುಪ್ಪ ಮೇಲೆ ಕೊಂಬೆಯ ಪಕ್ಕದ ದಪ್ಪ ಭಾಗದಲ್ಲಿ, ಮೊಟ್ಟೆ-ಮರಿ ಕೆಳಗೆ. ಎಲ್ಲವನ್ನೂ ಕಿತ್ತವನನ್ನು ಗೆಲ್ಲಿಸುವ ಆಟ ತುಪ್ಪ ಕೊಯ್ದು ಮರಿಯನ್ನು ಬಿಡಬಹುದೆಂಬ ತಿಳಿವಳಿಕೆಗೆ ತದ್ವಿರುದ್ಧ. ಅಂಕವನ್ನೇ ಕೈಬಿಡಿ. ಮರಿಯ ಭಾಗ ಕೊಯ್ದರೆ ಮುಂದಿನ ಹಂತದಲ್ಲಿ ಆ ಮರಕ್ಕೆ ಜೇನು ಕಡಿಮೆ ಬರಲಿ. ಎಷ್ಟು ಬಿಡಬೇಕು, ಹತ್ತುವ ಮೊದಲು ಏನು ಹಾಡಬೇಕು ಎಂಬುದನ್ನು ನೀವು ಊಹಿಸಬೇಡಿ. ಒಂದೊಂದು ನಿಯಮಕ್ಕೆ ಒಂದೊಂದು ಚೀಟಿ ಮಾಡಿ ನೆಲದ ಮೇಲೆ ಹರಡಿ, ಹಿರಿಯರು ತೆಗೆದು, ಸೇರಿಸಿ, ಒಪ್ಪಿದ ಮೇಲೆ ಕೋಡ್ ಬರೆಯಿರಿ.

ಕತೆ ಅವರ ನುಡಿಯಲ್ಲೇ, ಅವರ ದನಿಯಲ್ಲೇ ಇರಲಿ; ಕನ್ನಡ ಅಡಿಬರಹದಲ್ಲಿ ಸಾಕು. ಅಲಾಸ್ಕದ ಇನ್ಯುಪಿಯಾಟ್ ಜನರ ಜೊತೆಗೂಡಿ ಮಾಡಿದ ‘ನೆವರ್ ಅಲೋನ್’ (2014) ಆಟದಲ್ಲೂ ಕತೆ ಕೇಳಿಸುವುದು ಅವರ ನುಡಿಯಲ್ಲೇ. ಮೈಕ್ ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿರಲಿ. 48 ಕಿಲೋಹರ್ಟ್ಸ್, 24 ಬಿಟ್, ಮೋನೋ ವೇವ್ ಕಡತ ನಿಮಿಷಕ್ಕೆ ಸುಮಾರು 8.6 ಎಂಬಿ ಆಗುತ್ತದೆ. ಅದನ್ನು ಹಾಗೇ ಕಾಪಿಟ್ಟು, ಆಟಕ್ಕೆ ಓಜಿಜಿ (ಗಾತ್ರ ಕುಗ್ಗಿಸಿದ ದನಿ ಕಡತ) ಪ್ರತಿ ಹಾಕಿ. ಮಾತಿಲ್ಲದ 30 ಸೆಕೆಂಡ್ ಸದ್ದನ್ನೂ ಹಿಡಿದಿಡಿ. ಕತ್ತರಿಸಿದ ಜಾಗಕ್ಕೆ ತೇಪೆ ಹಾಕಲು ಬೇಕಾಗುತ್ತದೆ. ಜೂನ್‌ನಿಂದ ಶೀಟಿನ ಮಾಡಿನಡಿ ರೆಕಾರ್ಡಿಂಗ್ ಆಗದ ಮಾತು, ಮಳೆಗೆ ಮೊದಲೇ ಮುಗಿಸಿ.

ಒತ್ತಕ್ಷರ ಒಡೆಯಲು ಕಾರಣ: ‘ಕ್ಷ’ ಕಂಪ್ಯೂಟರಿಗೆ ಕ, ಹಲಂತ ಚಿಹ್ನೆ (್), ಷ ಎಂಬ ಮೂರು ಸಂಕೇತ. ಒಂದೊಂದಾಗಿ ತೋರಿಸಿದರೆ ನಡುವೆ ಅರ್ಧಕ್ಕೇ ನಿಲ್ಲುತ್ತದೆ. ಗೊಡೋದಲ್ಲಿ ಪಠ್ಯ ತೋರಿಸುವ ಲೇಬಲ್‌ನ ‘ವಿಸಿಬಲ್ ಕ್ಯಾರೆಕ್ಟರ್ಸ್ ಬಿಹೇವಿಯರ್’ ಅನ್ನು ‘ಆಫ್ಟರ್ ಶೇಪಿಂಗ್’ಗೆ (ಅಕ್ಷರ ಕೂಡಿದ ಮೇಲೆ ತೋರಿಸು) ಬದಲಿಸಿ. ನೋಟೊ ಸ್ಯಾನ್ಸ್ ಕನ್ನಡ ಫಾಂಟ್ ಆಟದೊಳಗೇ ಇರಲಿ. ಫೋನಿನ ಫಾಂಟ್ ನಂಬಬೇಡಿ.

ಪ್ರಶ್ನೆ: ಆಟದಲ್ಲಿ ನಿಜವಾದ ದೇವರಕಾಡಿನ ನಕ್ಷೆ, ಮದ್ದಿನ ಸೊಪ್ಪಿನ ವಿವರ ಹಾಕಬಹುದೇ?
– ವಿದ್ಯಾರ್ಥಿ, ವಿರಾಜಪೇಟೆ

ಉತ್ತರ: ಬೇಡ. ತೆರೆಯಲ್ಲಿ ಮರೆಮಾಡಿದರೆ ಸಾಲದು, ಎಪಿಕೆ (ಆಂಡ್ರಾಯ್ಡ್ ಫೋನಿಗೆ ಆಟ ಹಾಕುವ) ಕಡತ ಬಿಚ್ಚಿ ಒಳಗಿನದ್ದನ್ನೆಲ್ಲ ಹೊರತೆಗೆಯಬಹುದು. ಫೋನಿನಲ್ಲಿ ತೆಗೆದ ಚಿತ್ರಕ್ಕೆ ಸ್ಥಳದ ಗುರುತು ಅಂಟಿಕೊಂಡಿರಬಹುದು, ಅಳಿಸಿಯೇ ಬಳಸಿ. ಕಾಡನ್ನು ಕಲ್ಪಿಸಿ ಬರೆಯಿರಿ. ಮದ್ದಿನ ಅಳತೆ, ಬೆರಕೆ ಹೇಳಿದವರಲ್ಲೇ ಉಳಿಯಲಿ. ಒಪ್ಪಿಗೆಯನ್ನು ಎರಡು ಸಲ ಕೇಳಿ: ರೆಕಾರ್ಡಿಂಗ್‌ಗೆ ಮೊದಲು, ಆಟ ಆಡಿಸಿ ತೋರಿಸಿದ ಮೇಲೆ. ಪ್ರತಿ ಕತೆಯ ದನಿಯೂ ಬೇರೆ ಬೇರೆ ಕಡತವಾಗಿರಲಿ. ಆಗ ಯಾರಾದರೂ ‘ನನ್ನದು ತೆಗೆಯಿರಿ’ ಅಂದರೆ ಇಡೀ ಆಟ ಕೆಡದೆ ತೆಗೆಯಬಹುದು.