ರೀಲು ಹೋಗಿ ಡಿಜಿಟಲ್ ಬಂದರೂ ನಮ್ಮೂರ ಟಾಕೀಸಿನಲ್ಲಿ ಚಿತ್ರ ಯಾಕೆ ಮಂಕು?

ನೀವು ಕೇಳಿರುವುದು ಮೂರು ವಿಷಯ. ರೀಲಿನಿಂದ ಡಿಜಿಟಲ್‌ಗೆ ಹೋದಾಗ ಪ್ರೊಜೆಕ್ಟರ್ ರೂಮಿನಲ್ಲಿ ನಿಜಕ್ಕೂ ಏನು ಬದಲಾಯಿತು, ಗೀರು-ಕಲೆ ಇಲ್ಲದ ಡಿಜಿಟಲ್‌ನಲ್ಲೂ ನಿಮ್ಮೂರಿನ ಪರದೆ ಮಂಕಾಗಿರುವುದೇಕೆ, ಹೊಸ ಸಿನಿಮಾದ ಮೊದಲ ಶೋ ಕೆಲವೊಮ್ಮೆ ಶುರುವೇ ಆಗದಿರುವುದೇಕೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಡಿಜಿಟಲ್ ಬಂದಾಗ ಬದಲಾದದ್ದು ಚಿತ್ರವನ್ನು ಹೊತ್ತು ತರುವ ವಸ್ತು ಮತ್ತು ಅದನ್ನು ತೋರಿಸಲು ಬೇಕಾದ ಅನುಮತಿ. ಬೆಳಕಿನ ದಾರಿ ಬದಲಾಗಲಿಲ್ಲ. ದೀಪ, ಅದರ ಹಿಂದಿನ ಕನ್ನಡಿ, ಲೆನ್ಸು, ಗೋಡೆಯ ಕಿಂಡಿಯ ಗಾಜು, ಪರದೆ, ಎಲ್ಲವೂ ಮೊದಲಿನಂತೆಯೇ ಆರೈಕೆ ಬೇಡುತ್ತವೆ. ಆ ಆರೈಕೆ ಮಾಡುತ್ತಿದ್ದ ಮನುಷ್ಯನನ್ನು ಮಾತ್ರ ಹಲವು ಕಡೆ ತೆಗೆದುಹಾಕಿದರು.

ಮೊದಲು ರೀಲಿನ ಕೆಲಸ ಹೇಗಿತ್ತು ನೋಡಿ. 35 ಎಂ.ಎಂ. ಫಿಲ್ಮಿನ ಒಂದು ಅಡಿಯಲ್ಲಿ 16 ಫ್ರೇಮು. ಸೆಕೆಂಡಿಗೆ 24 ಫ್ರೇಮಿನಂತೆ ನಿಮಿಷಕ್ಕೆ 90 ಅಡಿ ಓಡುತ್ತದೆ. ಎರಡೂವರೆ ಗಂಟೆಯ ಸಿನಿಮಾಕ್ಕೆ 13,500 ಅಡಿ, ಅಂದರೆ ನಾಲ್ಕು ಕಿಲೋಮೀಟರಿಗೂ ಹೆಚ್ಚು. 2,000 ಅಡಿಯ ಸ್ಪೂಲಿಗೆ ಸುತ್ತಿದರೆ ಒಂದೊಂದೂ ಸುಮಾರು 22 ನಿಮಿಷದ ಏಳು ಸ್ಪೂಲು. ಎರಡು ಪ್ರೊಜೆಕ್ಟರ್ ಅಕ್ಕಪಕ್ಕ ನಿಂತಿರುತ್ತಿದ್ದವು. ಒಂದರಲ್ಲಿ ಸ್ಪೂಲು ಮುಗಿಯುವ ಸುಮಾರು ಎಂಟು ಸೆಕೆಂಡು ಮೊದಲು ಪರದೆಯ ಬಲ ಮೇಲ್ಮೂಲೆಯಲ್ಲಿ ಒಂದು ಚುಕ್ಕಿ ಮಿಂಚುತ್ತಿತ್ತು. ಅದನ್ನು ಕಂಡೊಡನೆ ಆಪರೇಟರ್ ಎರಡನೇ ಯಂತ್ರದ ಮೋಟಾರು ಹಾಕಬೇಕು. ಮುಗಿಯಲು ಸೆಕೆಂಡು ಇರುವಾಗ ಇನ್ನೊಂದು ಚುಕ್ಕಿ ಬಂದರೆ ಬೆಳಕು, ಧ್ವನಿ ಎರಡನ್ನೂ ಆ ಕಡೆಗೆ ಬದಲಿಸಬೇಕು. ಚೆನ್ನಾಗಿ ಮಾಡಿದರೆ ಕೆಳಗೆ ಕೂತವರಿಗೆ ಗೊತ್ತೇ ಆಗುತ್ತಿರಲಿಲ್ಲ.

ಫಿಲ್ಮು ಹಾಕುವಾಗಿನ ಸೂಕ್ಷ್ಮ ಇರುವುದು ಲೂಪಿನಲ್ಲಿ. ಗೇಟಿನಲ್ಲಿ, ಅಂದರೆ ಬೆಳಕು ಫಿಲ್ಮನ್ನು ದಾಟುವ ಕಿಟಕಿಯಲ್ಲಿ, ಪ್ರತಿ ಫ್ರೇಮೂ ಒಂದು ಕ್ಷಣ ನಿಲ್ಲಬೇಕು, ಆದರೆ ಮೇಲಿನ ಮತ್ತು ಕೆಳಗಿನ ಹಲ್ಲುಚಕ್ರಗಳು ನಿಲ್ಲದೆ ತಿರುಗುತ್ತಿರುತ್ತವೆ. ನಿಂತು ಸಾಗುವ ಓಟಕ್ಕೂ ನಿಲ್ಲದ ಓಟಕ್ಕೂ ನಡುವೆ ಸಡಿಲ ಬೇಕು. ಆ ಸಡಿಲವೇ ಲೂಪು. ಮೇಲಿನ ಲೂಪು ಬಿಗಿದರೆ ಫಿಲ್ಮು ಹರಿಯುತ್ತದೆ. ಕೆಳಗಿನ ಲೂಪಿನ ಅಳತೆ ತಪ್ಪಿದರೆ ತುಟಿಗೂ ಮಾತಿಗೂ ತಾಳೆಯಾಗುವುದಿಲ್ಲ, ಏಕೆಂದರೆ ಒಂದು ಫ್ರೇಮಿನ ಧ್ವನಿ ಅದರ ಪಕ್ಕದಲ್ಲೇ ಇರುವುದಿಲ್ಲ, ಸುಮಾರು 20 ಫ್ರೇಮು ಮುಂದೆ ಅಚ್ಚಾಗಿರುತ್ತದೆ. ಗೇಟಿನ ಒತ್ತಡ ಹೆಚ್ಚಾದರೆ ಅಂಚಿನ ತೂತುಗಳು ಕಿತ್ತುಬರುತ್ತವೆ, ಕಡಿಮೆಯಾದರೆ ಚಿತ್ರ ಕುಣಿಯುತ್ತದೆ. ಹೊಸ ಪ್ರಿಂಟಿನ ಮೆತ್ತನೆಯ ಲೇಪ ಗೇಟಿನ ಬಿಸಿಗೆ ಅಲ್ಲೇ ಗಟ್ಟಿಕಟ್ಟಿ ಮುಂದಿನ ಸ್ಪೂಲಿಗೆಲ್ಲ ಗೀರು ಎಳೆಯುತ್ತಿತ್ತು. ಅದಕ್ಕೇ ಪ್ರತಿ ಸ್ಪೂಲಿನ ನಂತರ ಗೇಟು ಒರೆಸುವುದು, ಕಟ್ಟಿದ್ದನ್ನು ಕೆರೆಯಲು ಉಕ್ಕಿನ ಬದಲು ಮರದ ಅಥವಾ ಹಿತ್ತಾಳೆಯ ಕಡ್ಡಿ ಬಳಸುವುದು. ಫಿಲ್ಮು ಹರಿದರೂ ಹೆದರಿಕೆ ಇರಲಿಲ್ಲ. ಕತ್ತರಿ, ಜಾಯಿಂಟರು, ಟೇಪು ಅಥವಾ ಫಿಲ್ಮು ಅಂಟಿಸುವ ಸಿಮೆಂಟು ಇದ್ದರೆ ಒಂದೆರಡು ಫ್ರೇಮು ಕಳೆದುಕೊಂಡು ಕೆಲವೇ ನಿಮಿಷದಲ್ಲಿ ಶೋ ಮುಂದುವರಿಯುತ್ತಿತ್ತು. (ಆಮೇಲೆ ಬಂದ ಪಾಲಿಯೆಸ್ಟರ್ ಫಿಲ್ಮಿಗೆ ಸಿಮೆಂಟು ಹಿಡಿಯುವುದಿಲ್ಲ, ಟೇಪೇ ಬೇಕು. ಅದು ಸುಲಭಕ್ಕೆ ಹರಿಯುವುದೂ ಇಲ್ಲ. ಸಿಕ್ಕಿಹಾಕಿಕೊಂಡರೆ ಏಟು ಬೀಳುವುದು ಯಂತ್ರಕ್ಕೆ.)

ರೀಲಿನ ದೊಡ್ಡ ಅನ್ಯಾಯ ಊರೂರಿನ ನಡುವೆ ಇತ್ತು. ಕೊನೆಯ ವರ್ಷಗಳಲ್ಲಿ ಒಂದು ಪ್ರಿಂಟಿನ ಖರ್ಚು 50 ಸಾವಿರ ರೂಪಾಯಿ ದಾಟುತ್ತಿತ್ತು. ಹಾಗಾಗಿ ಕನ್ನಡ ನಿರ್ಮಾಪಕರು ಎಣಿಸಿ ಪ್ರಿಂಟು ಹಾಕಿಸುತ್ತಿದ್ದರು. ಗಾಂಧಿನಗರದಿಂದ ಹೊರಟ ಬಾಕ್ಸು ಮೊದಲು ದೊಡ್ಡ ಊರುಗಳಲ್ಲಿ ಓಡಿ, ಆಮೇಲೆ ತಾಲೂಕು, ಅದರ ನಂತರ ಹೋಬಳಿಯ ಟೆಂಟು ತಲುಪುತ್ತಿತ್ತು. ಕೊನೆಯ ಊರಿಗೆ ಬರುವಷ್ಟರಲ್ಲಿ ಪ್ರತಿ ರೀಲಿನ ತಲೆ-ಬಾಲ ಸವೆದು ಹಾಡಿನ ಮೊದಲ ಸಾಲೇ ಹೋಗಿರುತ್ತಿತ್ತು, ಪರದೆಯ ಮೇಲೆ ಗೀರುಗಳ ಮಳೆ ಸುರಿಯುತ್ತಿತ್ತು. ಬೆಂಗಳೂರಿನಲ್ಲಿ ಬಿಡುಗಡೆಯಾದ ದಿನವೇ ಸಣ್ಣ ಊರಿನಲ್ಲೂ ಅದೇ ಗುಣಮಟ್ಟದ ಪ್ರತಿ ತೆರೆಕಾಣುವುದು ಡಿಜಿಟಲ್‌ನಿಂದ ಆದ ನಿಜವಾದ ಲಾಭ. ರೀಲಿನ ಮೇಲಿನ ಪ್ರೀತಿಯಲ್ಲಿ ಇದನ್ನು ಮರೆಯಬಾರದು.

ಬದಲಾವಣೆ ಎಲ್ಲೆಡೆ ಒಂದೇ ದಾರಿಯಲ್ಲಿ ಬರಲಿಲ್ಲ. ಹಾಲಿವುಡ್‌ನ ಏಳು ಸ್ಟುಡಿಯೋಗಳು 2002ರಲ್ಲಿ ಡಿಸಿಐ ಎಂಬ ಕೂಟ ಕಟ್ಟಿ, 2005ರ ಜುಲೈನಲ್ಲಿ ಮಾನದಂಡ ಪ್ರಕಟಿಸಿದವು: 2ಕೆ ಅಂದರೆ 2048×1080 ಚುಕ್ಕಿಗಳು, 4ಕೆ ಅಂದರೆ 4096×2160, ಪ್ರತಿ ಫ್ರೇಮೂ ಬಿಡಿಯಾಗಿ ಜೆಪೆಗ್ 2000 ಎಂಬ ಫೈಲ್ ರೂಪದಲ್ಲಿ, ಸೆಕೆಂಡಿಗೆ ಗರಿಷ್ಠ 250 ಮೆಗಾಬಿಟ್. ಭಾರತದಲ್ಲಿ ಹೆಚ್ಚುಕಡಿಮೆ ಅದೇ ಹೊತ್ತಿಗೆ ಯುಎಫ್ಒ ಎಂಬ ಕಂಪನಿ ಉಪಗ್ರಹದ ಮೂಲಕ, ಚೆನ್ನೈನ ರಿಯಲ್ ಇಮೇಜ್ ಕಂಪನಿ ಕ್ಯೂಬ್ ಹೆಸರಿನಲ್ಲಿ ಟಾಕೀಸುಗಳಿಗೆ ಡಿಜಿಟಲ್ ತಂದವು. ಸಣ್ಣ ಊರುಗಳಿಗೆ ಹೋದದ್ದು ಬಹುಪಾಲು ಇ-ಸಿನಿಮಾ, ಅಂದರೆ 2ಕೆಗಿಂತ ಕಡಿಮೆ ಸ್ಪಷ್ಟತೆಯ, ಕಡಿಮೆ ಬೆಳಕಿನ, ಅಗ್ಗದ ಪ್ರೊಜೆಕ್ಟರ್. ಅಮೆರಿಕದಲ್ಲಿ ಪ್ಯಾರಾಮೌಂಟ್ 2014ರ ಆರಂಭಕ್ಕೆ ಫಿಲ್ಮ್ ಪ್ರಿಂಟು ನಿಲ್ಲಿಸಿತು. ಫ್ಯೂಜಿ ಅದಕ್ಕೂ ಮೊದಲೇ ಸಿನಿಮಾ ಪ್ರಿಂಟಿನ ಫಿಲ್ಮು ತಯಾರಿಸುವುದನ್ನು ಬಿಟ್ಟಿತ್ತು. ಅಲ್ಲಿಗೆ ಹಿಂದಿರುಗುವ ದಾರಿ ಮುಚ್ಚಿತು.

ಈಗ ಮೊದಲ ಶೋ ನಿಲ್ಲುವ ವಿಷಯ. ಡಿಸಿಐ ಮಾನದಂಡದ ಟಾಕೀಸಿಗೆ ಸಿನಿಮಾ ಬರುವುದು ಡಿಸಿಪಿ ಎಂಬ ಬೀಗ ಹಾಕಿದ ಕಟ್ಟಾಗಿ, ಹಾರ್ಡ್ ಡಿಸ್ಕಿನಲ್ಲಿ ಅಥವಾ ಉಪಗ್ರಹದಿಂದ. ಗಾತ್ರ ಸಾಮಾನ್ಯವಾಗಿ 150ರಿಂದ 250 ಜಿಬಿ. ಸೆಕೆಂಡಿಗೆ 30 ಮೆಗಾಬೈಟ್ ವೇಗದ ಹಳೆಯ ಯುಎಸ್‌ಬಿಯಲ್ಲಿ 200 ಜಿಬಿ ಸರ್ವರಿಗೆ (ಸಿನಿಮಾ ತುಂಬಿಟ್ಟು ಓಡಿಸುವ ಕಂಪ್ಯೂಟರಿಗೆ) ಇಳಿಯಲು ಸುಮಾರು 110 ನಿಮಿಷ, ಆಮೇಲೆ ಎಲ್ಲ ಸರಿಯಾಗಿ ಬಂದಿದೆಯೇ ಎಂದು ಸರ್ವರ್ ತಾಳೆ ನೋಡುವ ಸಮಯ ಬೇರೆ. ಬೆಳಗಿನ ಶೋಗೆ ಒಂದು ಗಂಟೆ ಮೊದಲು ಡಿಸ್ಕು ಕೈಗೆ ಸಿಕ್ಕರೆ ಆ ಶೋ ಆಗುವುದಿಲ್ಲ, ಯಾರನ್ನು ಬೈದರೂ ಅಷ್ಟೇ.

ಡಿಸ್ಕು ಬಂದರೂ ಬೀಗದಕೈ ಬೇಕು. ಅದೇ ಕೆಡಿಎಂ. ಕೆಲವೇ ಕೆಬಿಯ ಒಂದು ಫೈಲು, ಇಮೇಲಿನಲ್ಲೂ ಬರುತ್ತದೆ. ಅದು ಒಂದು ಸಿನಿಮಾದ ಒಂದು ಆವೃತ್ತಿಯನ್ನು, ಒಂದೇ ಸರ್ವರಿನಲ್ಲಿ, ಇಂತಿಷ್ಟು ಗಂಟೆಯಿಂದ ಇಂತಿಷ್ಟು ಗಂಟೆಯವರೆಗೆ ಮಾತ್ರ ತೆರೆಯುತ್ತದೆ. ತಪ್ಪುವ ಬಗೆಗಳೆಲ್ಲ ಇಲ್ಲೇ ಇವೆ. ಶುಕ್ರವಾರ ಬೆಳಗ್ಗೆಯಿಂದ ತೆರೆಯುವ ಬೀಗದಕೈ ಕೊಟ್ಟಿದ್ದರೆ ಗುರುವಾರ ರಾತ್ರಿಯ ವಿಶೇಷ ಶೋ ನಡೆಯುವುದಿಲ್ಲ. ಆ ರಾತ್ರಿ ಓಡಿಸಿ ಪರೀಕ್ಷೆ ಮಾಡುವುದೂ ಆಗುವುದಿಲ್ಲ. ಸರ್ವರ್ ಕೆಟ್ಟು ಬೇರೆಯದು ಹಾಕಿದರೆ ಹಳೆಯ ಬೀಗದಕೈಗಳೆಲ್ಲ ವ್ಯರ್ಥ. ಸರ್ವರಿನ ಒಳಗಡಿಯಾರವನ್ನು ಆಪರೇಟರ್ ಬೇಕೆಂದಂತೆ ತಿರುಗಿಸುವಂತಿಲ್ಲ, ವರ್ಷಕ್ಕೆ ಆರು ನಿಮಿಷದ ಮಿತಿ. ಕೆಲವು ಮಾದರಿಗಳಲ್ಲಿ ಒಳಗಿನ ಸಣ್ಣ ಬ್ಯಾಟರಿ ಸತ್ತರೆ ಯಂತ್ರದ ಗುರುತಿನ ಗುಪ್ತ ಸಂಕೇತವೇ ಅಳಿಸಿಹೋಗಿ ಬೋರ್ಡನ್ನು ಕಂಪನಿಗೆ ಕಳಿಸಬೇಕಾಗುತ್ತದೆ. ಹೀಗಾಗಿ ಟಾಕೀಸನ್ನು ತಿಂಗಳುಗಟ್ಟಲೆ ಮುಚ್ಚಿದಾಗಲೂ ಸರ್ವರಿಗೆ ಆಗಾಗ ಕರೆಂಟು ಕೊಡಬೇಕು. ಇನ್ನು ನಿರ್ಮಾಪಕರ ಬಾಕಿ ಚುಕ್ತಾ ಆಗದಿದ್ದರೆ ಬೀಗದಕೈಯೇ ಬಿಡುಗಡೆಯಾಗುವುದಿಲ್ಲ. ಹೊರಗೆ ಡೊಳ್ಳು ಹೊಡೆಯುತ್ತಾ, ಕಟೌಟಿಗೆ ಹಾಲೆರೆಯುತ್ತಾ ಅಭಿಮಾನಿಗಳು ನಿಂತಿರುವಾಗ ಒಳಗೆ ಆಪರೇಟರ್ ಕೈಕಟ್ಟಿ ಕೂರುವುದು ಬಹುತೇಕ ಈ ಕಾರಣಗಳಿಗೆ. ರೀಲಿನ ಕಾಲದಲ್ಲಿ ಕೆಟ್ಟದ್ದನ್ನು ಅವನ ಕೈ ರಿಪೇರಿ ಮಾಡುತ್ತಿತ್ತು. ಈ ಬೀಗ ತೆರೆಯುವುದು ಅವನ ಕೈಯಲ್ಲಿಲ್ಲ.

ಮಂಕಿನ ಲೆಕ್ಕ ಹೀಗೆ. ಡಿಸಿಐ ಪ್ರಕಾರ ಪರದೆಯ ನಡುವೆ 14 ಫುಟ್-ಲ್ಯಾಂಬರ್ಟ್ ಬೆಳಕಿರಬೇಕು. ಸಾದಾ ಬಿಳಿ ಪರದೆಯಾದರೆ ಇದು ಚದರಡಿಗೆ 14 ಲ್ಯೂಮೆನ್ (ಬೆಳಕಿನ ಅಳತೆ) ಎಂದಂತೆ. ಪರದೆ 40 ಅಡಿ ಅಗಲ, ಸ್ಕೋಪ್ ಅಂದರೆ ಉದ್ದಗಲದ ಚಿತ್ರ (ಎತ್ತರದ ಸುಮಾರು 2.4 ಪಟ್ಟು ಅಗಲ) ಎಂದುಕೊಳ್ಳಿ. ಎತ್ತರ ಸುಮಾರು 16.7 ಅಡಿ, ವಿಸ್ತೀರ್ಣ ಹತ್ತಿರಹತ್ತಿರ 670 ಚದರಡಿ. ಪರದೆಗೆ ಬೀಳಬೇಕಾದದ್ದು ಸುಮಾರು 9,400 ಲ್ಯೂಮೆನ್. ಆದರೆ ಸ್ಕೋಪ್ ಚಿತ್ರ ಪ್ರೊಜೆಕ್ಟರಿನಲ್ಲಿ ಚಿತ್ರ ಮೂಡಿಸುವ ಚಿಪ್ಪಿನ 1080 ಸಾಲುಗಳಲ್ಲಿ 858ನ್ನು ಮಾತ್ರ ಬಳಸುತ್ತದೆ, ಉಳಿದ ಬೆಳಕು ದಂಡ. ಹಾಗಾಗಿ 11,800 ಬೇಕು. ಲೇಪವಿಲ್ಲದ ಕಿಂಡಿಯ ಗಾಜು ಶುಭ್ರವಾಗಿದ್ದರೂ ಸುಮಾರು 8 ಶೇಕಡಾ ತಿನ್ನುತ್ತದೆ: 12,800. ದೀಪ ಹಳೆಯದಾಗಿ ಕಾಲುಭಾಗ ಬೆಳಕು ಕಳೆದುಕೊಂಡಾಗಲೂ ಅಷ್ಟೇ ಬೆಳಕು ಬೇಕೆಂದರೆ, ಹೊಸ ದೀಪದಲ್ಲಿ 17,000 ಲ್ಯೂಮೆನ್ ಕೊಡುವ ಯಂತ್ರ ಬೇಕು. ಇದರ ಅರ್ಧದಷ್ಟು ಶಕ್ತಿಯ ಪ್ರೊಜೆಕ್ಟರನ್ನು ಹಳೆಯ ದೊಡ್ಡ ಪರದೆಯ ಮುಂದೆ ಇಟ್ಟರೆ ಮೊದಲ ದಿನದಿಂದಲೇ ಮಂಕು.

ಯಂತ್ರ ಸರಿಯಿದ್ದೂ ಮಂಕಾದರೆ ಮೊದಲು ದೀಪದ ಗಂಟೆ ನೋಡಬೇಕು. ಕ್ಸೆನಾನ್ ದೀಪ ದೊಡ್ಡದಾದಷ್ಟೂ ಆಯಸ್ಸು ಕಡಿಮೆ. 2 ಕಿಲೋವ್ಯಾಟಿನದು ಎರಡು ಸಾವಿರ ಗಂಟೆ ಮೀರಿದರೂ 6 ಕಿಲೋವ್ಯಾಟಿನದಕ್ಕೆ ಆರುನೂರರ ಆಸುಪಾಸು. ದಿನಕ್ಕೆ ನಾಲ್ಕು ಶೋ, ಹನ್ನೆರಡು ಗಂಟೆ ಉರಿದರೆ 600 ಗಂಟೆ ಮುಗಿಯುವುದು ಐವತ್ತೇ ದಿನದಲ್ಲಿ. ಐವತ್ತನೇ ದಿನದ ಪೋಸ್ಟರು ಅಂಟಿಸುವಾಗ ದೀಪವನ್ನೂ ಬದಲಿಸಬೇಕು. ಬದಲಿಸದೆ ಎಳೆದರೆ ಬೆಳಕು ಮಿನುಗುತ್ತದೆ. ದೀಪ ಸಿಡಿದರೆ ಜೊತೆಗೆ ಕನ್ನಡಿಯೂ ಹೋಗುತ್ತದೆ. ದೀಪದ ಒಳಗೆ ತಣ್ಣಗಿರುವಾಗಲೂ ಭಾರೀ ಒತ್ತಡ ಇರುವುದರಿಂದ ಮುಖಕವಚ, ದಪ್ಪ ಗ್ಲೌಸು ಇಲ್ಲದೆ ಮುಟ್ಟಲೇಬಾರದು. ಗಾಜಿಗೆ ಬರಿಬೆರಳು ತಾಗಿದರೆ ಆ ಕಲೆ ಉರಿದು ದೀಪ ಹಾಳಾಗುತ್ತದೆ. ಹೊಸ ದೀಪ ಹಾಕಿದ ಮೇಲೆ ಪರದೆಗೆ ಪೂರ್ತಿ ಬಿಳಿ ಹಾಕಿ, ಮೂರೂ ದಿಕ್ಕಿನ ತಿರುಪುಗಳನ್ನು ಮೀಟರು ನೋಡುತ್ತಾ ಹೊಂದಿಸದಿದ್ದರೆ ದುಡ್ಡು ಕೊಟ್ಟ ಬೆಳಕಿನಲ್ಲಿ ಒಂದು ಪಾಲು ಪ್ರೊಜೆಕ್ಟರಿನೊಳಗೇ ಉಳಿಯುತ್ತದೆ. ನಮ್ಮಲ್ಲಿ ಕರೆಂಟಿನ ಕಾಟವೂ ಇದೆ. ದೀಪ ಆರಿದ ಮೇಲೆ ಫ್ಯಾನು ಹತ್ತು-ಹದಿನೈದು ನಿಮಿಷ ಓಡಲೇಬೇಕು. ಆದ್ದರಿಂದ ಸರ್ವರಿನ ಜೊತೆ ಫ್ಯಾನೂ ಯುಪಿಎಸ್ ಮೇಲಿರಬೇಕು. ಗಾಳಿ ಎಳೆಯುವ ಫಿಲ್ಟರಿನಲ್ಲಿ ದೂಳು ಕಟ್ಟಿದರೆ ಯಂತ್ರ ಬಿಸಿಯಾಗಿ ಸಿನಿಮಾದ ಮಧ್ಯೆ ತಾನೇ ದೀಪ ಆರಿಸುತ್ತದೆ.

ಇನ್ನೊಂದು ಕಾರಣ 3ಡಿ. ಪೋಲರೈಸರ್ (ಎರಡು ಕಣ್ಣಿಗೂ ಬೇರೆಬೇರೆ ಚಿತ್ರ ಹೋಗುವಂತೆ ಬೆಳಕನ್ನು ಬೇರ್ಪಡಿಸುವ ಫಿಲ್ಟರು) ಮತ್ತು ಕನ್ನಡಕ ದಾಟಿದ ಮೇಲೆ ಕಣ್ಣಿಗೆ ಉಳಿಯುವ ಬೆಳಕು ಐದನೇ ಒಂದು ಭಾಗದ ಆಸುಪಾಸು. ಆ ನಷ್ಟ ತುಂಬಲು, ಪೋಲರೈಸೇಷನ್ ಕೆಡದಿರಲು ಬೆಳ್ಳಿಬಣ್ಣದ ಪರದೆ ಹಾಕಿಸುತ್ತಾರೆ. ಮುಂದೆ ವರ್ಷವಿಡೀ 2ಡಿ ಓಡಿದರೂ ಅದೇ ಪರದೆ. ಅದರಲ್ಲಿ ನಡುವೆ ಕಣ್ಣು ಕುಕ್ಕುವಷ್ಟು ಬೆಳಕು, ಅಂಚಿನ ಸೀಟಿನಿಂದ ನೋಡಿದರೆ ಆಚೆ ಬದಿ ಕತ್ತಲು. 2ಡಿ ಶೋದಲ್ಲೂ ಲೆನ್ಸಿನ ಮುಂದಿನ 3ಡಿ ಫಿಲ್ಟರನ್ನು ಸರಿಸಲು ಮರೆಯುವುದಂತೂ ಅಕ್ಷಮ್ಯ.

ಇಷ್ಟಕ್ಕೂ ಹಣ ಯಾರದು? ಪ್ರಿಂಟಿನ ಖರ್ಚು ಉಳಿದದ್ದು ನಿರ್ಮಾಪಕರಿಗೆ, ಯಂತ್ರದ ಖರ್ಚು ಬಿದ್ದದ್ದು ಟಾಕೀಸಿಗೆ. ಇದನ್ನು ಸರಿದೂಗಿಸಲು ನಿರ್ಮಾಪಕರಿಂದ ವಸೂಲು ಮಾಡುವ ಶುಲ್ಕಕ್ಕೆ ವಿಪಿಎಫ್ (ವರ್ಚುವಲ್ ಪ್ರಿಂಟ್ ಫೀ) ಎಂದು ಹೆಸರು. ಯಂತ್ರದ ಸಾಲ ತೀರುವವರೆಗೆ ಎಂಬುದು ಅದರ ಮೂಲ ಉದ್ದೇಶ. ನಮ್ಮಲ್ಲಿ ಅದು ಮುಗಿಯುವ ಲಕ್ಷಣ ಕಾಣದಿದ್ದಾಗ 2018ರ ಮಾರ್ಚ್‌ನಲ್ಲಿ ದಕ್ಷಿಣದ ಚಿತ್ರೋದ್ಯಮಗಳು ಹೊಸ ಬಿಡುಗಡೆಗಳನ್ನೇ ನಿಲ್ಲಿಸಿ ಪ್ರತಿಭಟಿಸಿದವು. ಯಂತ್ರ ಟಾಕೀಸಿನ ಸ್ವಂತದ್ದಾಗಿರದೆ ಡಿಜಿಟಲ್ ಕಂಪನಿಯದ್ದಾದಾಗ ದೀಪ ಬದಲಿಸುವ ಖರ್ಚು ಯಾರದೆಂಬ ಹಗ್ಗಜಗ್ಗಾಟ ನಡೆಯುತ್ತದೆ, ಅಷ್ಟು ದಿನವೂ ಪ್ರೇಕ್ಷಕ ಮಂಕು ಚಿತ್ರ ನೋಡುತ್ತಾನೆ. ಈಗ ಬರುತ್ತಿರುವ ಲೇಸರ್ ಪ್ರೊಜೆಕ್ಟರಿನಲ್ಲಿ ಬೆಳಕಿನ ಮೂಲ 20,000 ಗಂಟೆಯ ಲೆಕ್ಕದಲ್ಲಿ ಬಾಳುತ್ತದೆ. ಸಾಲ ಮಾಡಿಯಾದರೂ ಕೊಳ್ಳುವುದಿದ್ದರೆ ನಾನು ಅದನ್ನೇ ಕೊಳ್ಳಿ ಎನ್ನುತ್ತೇನೆ, ಮೇಲಿನ ಲ್ಯೂಮೆನ್ ಲೆಕ್ಕ ಮಾಡಿದ ಮೇಲೆ.

ಮುಂದಿನ ಸಲ ಹೋದಾಗ ಮಧ್ಯದ ಸೀಟಿನಲ್ಲೂ ಅಂಚಿನ ಸೀಟಿನಲ್ಲೂ ಒಂದೊಂದು ನಿಮಿಷ ಕೂತು ನೋಡಿ. ಎರಡೂ ಕಡೆ ತುಂಬ ವ್ಯತ್ಯಾಸವಿದ್ದರೆ ಬೆಳ್ಳಿ ಪರದೆಯ ದೋಷ. ಎಲ್ಲ ಕಡೆ ಒಂದೇ ಸಮನೆ ಮಂಕಿದ್ದರೆ ದೀಪ, ಅಥವಾ ಪರದೆಗೆ ಸಾಲದ ಯಂತ್ರ. ಬಿಳಿ ಅಕ್ಷರಗಳ ಸುತ್ತ ಮಂಜು ಕವಿದಂತಿದ್ದರೆ ಲೆನ್ಸು ಅಥವಾ ಕಿಂಡಿಯ ಗಾಜಿನ ಮೇಲೆ ದೂಳು, ಎಣ್ಣೆಯ ಪದರ. ಮ್ಯಾನೇಜರಿಗೆ ಹೇಳುವಾಗ ಈ ಕೊನೆಯದರಿಂದಲೇ ಶುರು ಮಾಡಿ: ಮೆತ್ತನೆಯ ಬಟ್ಟೆ, ಗಾಜು ಒರೆಸುವ ದ್ರಾವಣ, ಕಿಂಡಿಯ ಎರಡೂ ಬದಿ. ಹಾಲ್ ಕಡೆಯ ಬದಿಗೆ ಏಣಿ ಬೇಕು, ಬಹಳ ಟಾಕೀಸುಗಳಲ್ಲಿ ಅದನ್ನು ಒರೆಸಿರುವುದೇ ಇಲ್ಲ.