ಚಾರಣದಲ್ಲಿ ಫೋನ್ ಸಿಗದಿದ್ದರೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಗಳು ಗೆಳತಿಯರ ಜೊತೆ ಕುಮಾರ ಪರ್ವತಕ್ಕೆ ಹೊರಟಿದ್ದಾಳೆ. ಹಿಂದೆ ಕುದುರೆಮುಖಕ್ಕೆ ಹೋದಾಗ ಬೆಳಿಗ್ಗೆ ಫುಲ್ ಚಾರ್ಜ್ ಇದ್ದ ಫೋನ್ ಮಧ್ಯಾಹ್ನಕ್ಕೇ ಆಫ್ ಆಗಿತ್ತು. ನಾವು ಸಂಜೆವರೆಗೂ ಕರೆ ಮಾಡಿದ್ದೇ ಬಂತು. ಈ ಸಲ ಏನು ಮಾಡಬೇಕು?
– ಓದುಗರು, ತುಮಕೂರು

ಉತ್ತರ: ಸಿಗ್ನಲ್ ಇಲ್ಲದ ಕಡೆ ಫೋನ್ ಸುಮ್ಮನಿರುವುದಿಲ್ಲ, ಟವರ್ ಹುಡುಕುತ್ತಲೇ ಇರುತ್ತದೆ. ಅರೆಬರೆ ಸಿಗ್ನಲ್ ಸಿಕ್ಕರೆ ಇರುವ ಶಕ್ತಿಯನ್ನೆಲ್ಲ ಹಾಕಿ ಅದನ್ನು ಮುಟ್ಟಲು ನೋಡುತ್ತದೆ. ಎರಡು ಸಿಮ್ ಇದ್ದರೆ ಎರಡಕ್ಕೂ ಇದೇ ಪಾಡು. ಬ್ಯಾಟರಿ ಖಾಲಿಯಾಗುವುದು ಇಲ್ಲೇ. ಹಾಗಾಗಿ ಸುಬ್ರಹ್ಮಣ್ಯದಲ್ಲಿ ಹತ್ತಲು ಶುರು ಮಾಡುವಾಗಲೇ ಏರೋಪ್ಲೇನ್ ಮೋಡ್ ಹಾಕಿಬಿಡಲಿ. ಜಿಪಿಎಸ್ ಕೆಲಸ ನಿಲ್ಲುವುದಿಲ್ಲ, ಏಕೆಂದರೆ ಅದು ಉಪಗ್ರಹದ ಸಂಕೇತವನ್ನು ಕೇಳಿಸಿಕೊಳ್ಳುತ್ತದೆಯೇ ಹೊರತು ಏನನ್ನೂ ಕಳಿಸುವುದಿಲ್ಲ. ನಕ್ಷೆಯನ್ನು ಮಾತ್ರ ಮನೆಯಲ್ಲೇ ಆಫ್‌ಲೈನ್‌ಗೆ ಇಳಿಸಿಕೊಂಡಿರಬೇಕು.

ಸಂಪರ್ಕಕ್ಕೆ ದಿನಕ್ಕೆ ಎರಡು ಹೊತ್ತು ಗೊತ್ತು ಮಾಡಿಕೊಳ್ಳಿ, ಉದಾಹರಣೆಗೆ ಮಧ್ಯಾಹ್ನ 12 ಮತ್ತು ಸಂಜೆ 5. ಆ ಹೊತ್ತಿಗೆ ಆಕೆ ಕಣಿವೆ, ಶೋಲಾ ಕಾಡು ಬಿಟ್ಟು ಊರಿನ ದಿಕ್ಕು ಕಾಣುವ ಬೆಟ್ಟದ ಬಯಲು ಏಣಿನ ಮೇಲೆ ನಿಂತು ಏರೋಪ್ಲೇನ್ ಮೋಡ್ ತೆಗೆಯಲಿ, ಎರಡು ಮೂರು ನಿಮಿಷ ಕದಲದೆ ಕಾಯಲಿ. ಕರೆ ಹೋಗದ ಕಡೆಯೂ ಎಸ್‌ಎಂಎಸ್ ಹೋಗುವುದುಂಟು. ಇಲ್ಲೊಂದು ಸೂಕ್ಷ್ಮವಿದೆ. ಕನ್ನಡ ಅಕ್ಷರದ ಒಂದು ಎಸ್‌ಎಂಎಸ್‌ಗೆ ಮಿತಿ 70 ಅಕ್ಷರ, ಒತ್ತು, ಕಾಗುಣಿತದ ಗುರುತುಗಳೂ ಲೆಕ್ಕಕ್ಕೆ ಬರುತ್ತವೆ. ಇಂಗ್ಲಿಷ್ ಅಕ್ಷರದಲ್ಲಾದರೆ 160. ಮೀರಿದರೆ ಸಂದೇಶ ತುಂಡಾಗಿ ಹೋಗುತ್ತದೆ, ದುರ್ಬಲ ನೆಟ್‌ವರ್ಕ್‌ನಲ್ಲಿ ಒಂದು ತುಂಡು ಹೋಗಿ ಇನ್ನೊಂದು ಉಳಿಯಬಹುದು. 'ಭಟ್ಟರ ಮನೆ ತಲುಪಿದೆವು, ಎಲ್ಲ ಕ್ಷೇಮ' ಎಂಬಷ್ಟು ಸಾಕು. ಆಂಡ್ರಾಯ್ಡ್ ಮೆಸೇಜಸ್‌ನಲ್ಲಿ 'ಆರ್‌ಸಿಎಸ್ ಚಾಟ್' ಆನ್ ಇದ್ದರೆ ಹೊರಡುವ ಮುನ್ನ ಆಫ್ ಮಾಡಿಸಿ. ಅದು ಡೇಟಾ ಮೂಲಕ ಹೋಗಲು ನೋಡಿ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಏರ್‌ಟೆಲ್ ಅಥವಾ ಬಿಎಸ್‌ಎನ್‌ಎಲ್ ಸಿಮ್ ಇದ್ದರೆ, ಮೊಬೈಲ್ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ 2ಜಿ ಆಯ್ದುಕೊಂಡು ಇನ್ನೊಮ್ಮೆ ಪ್ರಯತ್ನಿಸಬಹುದು. 900 ಮೆಗಾಹರ್ಟ್ಸ್‌ನ 2ಜಿಯಲ್ಲಿ ಫೋನ್ ತನ್ನ ಸಂಕೇತವನ್ನು ಗರಿಷ್ಠ 2 ವ್ಯಾಟ್‌ ಶಕ್ತಿಯವರೆಗೆ ಕಳಿಸಬಲ್ಲದು, 4ಜಿಯಲ್ಲಿ ಸಾಮಾನ್ಯವಾಗಿ 0.2 ವ್ಯಾಟ್ ಮಾತ್ರ; ಹಾಗಾಗಿ 2ಜಿಯಲ್ಲಿ ದೂರದ ಟವರ್ ಸಿಗಬಹುದು. ಜಿಯೋಗೆ 2ಜಿ ಇಲ್ಲವೇ ಇಲ್ಲ. ಗುಂಪಿನಲ್ಲಿ ಎಲ್ಲರದೂ ಒಂದೇ ಕಂಪನಿಯ ಸಿಮ್ ಇರದಂತೆ ನೋಡಿಕೊಳ್ಳುವುದು ಒಳ್ಳೆಯದು.

ಇಷ್ಟೆಲ್ಲ ಮಾಡಿಯೂ ಸಂದೇಶ ಬಾರದಿರಬಹುದು. ಆದ್ದರಿಂದ ಮನೆಯಲ್ಲಿ ಒಂದು ಚೀಟಿ ಇರಲೇಬೇಕು, ನಮ್ಮ ಮಟ್ಟಿಗೆ ಯಾವ ಸಾಧನಕ್ಕಿಂತಲೂ ಇದು ಮುಖ್ಯ. ಯಾರ್ಯಾರು ಹೋಗಿದ್ದಾರೆ, ಅವರ ನಂಬರು, ವಾಹನದ ಸಂಖ್ಯೆ, ಹತ್ತುವ ಮತ್ತು ಇಳಿಯುವ ದಾರಿ, ಗೈಡ್ ನಂಬರು, ಕೆಳಗೆ ತಲುಪುವ ಹೊತ್ತು, ಅದು ದಾಟಿ ಎಷ್ಟು ತಾಸಾದರೆ ಯಾರಿಗೆ ಫೋನ್ ಮಾಡಬೇಕು ಎಂಬುದೂ ಬರೆದಿರಲಿ. ಮಧ್ಯಾಹ್ನದ ಒಂದು ಸಂದೇಶ ತಪ್ಪಿದ್ದಕ್ಕೆ ಗಾಬರಿ ಬೇಡ. ಕೆಳಗೆ ಬರುವ ಹೊತ್ತು ದಾಟಿ ಮೂರು ತಾಸಾದರೂ ಸುದ್ದಿಯಿಲ್ಲವೆಂದರೆ ಮೊದಲು ಗೈಡ್‌ಗೆ, ಆಮೇಲೆ 112ಕ್ಕೆ ಮಾಡಿ. ಅಲ್ಲಿಯವರೆಗೆ ನೀವೂ ಪದೇಪದೇ ಕರೆ ಮಾಡುವ ಬದಲು ಒಂದು ಎಸ್‌ಎಂಎಸ್ ಕಳಿಸಿ. ಫೋನ್ ನೆಟ್‌ವರ್ಕ್‌ಗೆ ಬಂದಾಗ ಅದು ತಲುಪುತ್ತದೆ.

ಪ್ರಶ್ನೆ: ಅಮೆರಿಕದಲ್ಲಿರುವ ಅಣ್ಣ ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಗಾರ್ಮಿನ್ ಇನ್‌ರೀಚ್ ತಂದುಕೊಡುತ್ತೇನೆ ಅನ್ನುತ್ತಿದ್ದಾನೆ. ತರಿಸಿಕೊಳ್ಳಲೇ?
– ಓದುಗರು, ಮೈಸೂರು

ಉತ್ತರ: ದಯವಿಟ್ಟು ಬೇಡ. ಉಪಗ್ರಹ ಫೋನ್, ಉಪಗ್ರಹ ಮೆಸೆಂಜರ್ ಇಟ್ಟುಕೊಳ್ಳಲು ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಬೇಕು. ಇರಿಡಿಯಂ, ಥುರಾಯಾ ಎಂಬ ಉಪಗ್ರಹ ಜಾಲಗಳ ಫೋನ್‌ಗಳಿಗೆ ಅವಕಾಶವಿಲ್ಲ, ಇನ್‌ರೀಚ್ ನಡೆಯುವುದು ಇರಿಡಿಯಂ ಮೇಲೆಯೇ. 2024ರ ಡಿಸೆಂಬರ್‌ನಲ್ಲಿ ಗೋವಾ ವಿಮಾನ ನಿಲ್ದಾಣದಲ್ಲಿ ಇಂಥದ್ದೇ ಸಾಧನ ಹೊಂದಿದ್ದ ವಿದೇಶಿ ಪ್ರವಾಸಿಯೊಬ್ಬರನ್ನು ತಡೆದು ಪ್ರಕರಣ ದಾಖಲಿಸಿದ್ದರು. ನಿಮ್ಮ ಅಣ್ಣನಿಗೂ ವಿಮಾನ ನಿಲ್ದಾಣದಲ್ಲೇ ತೊಂದರೆ ಆಗಬಹುದು. ಜಿಪಿಎಸ್ ಇರುವ ಮಾಮೂಲಿ ವಾಚ್‌ಗೆ ಈ ತಕರಾರಿಲ್ಲ.

ಪ್ರಶ್ನೆ: 10,000 ಎಂಎಎಚ್ ಪವರ್ ಬ್ಯಾಂಕ್‌ನಿಂದ 5,000 ಎಂಎಎಚ್ ಫೋನ್ ಎರಡು ಸಲ ಚಾರ್ಜ್ ಆಗಬೇಕಲ್ಲ? ನನ್ನದು ಒಂದು ಸಲ ಆಗಿ ಎರಡನೇ ಸಲಕ್ಕೆ ಅರ್ಧವೂ ತುಂಬುವುದಿಲ್ಲ.
– ಓದುಗರು, ಹುಬ್ಬಳ್ಳಿ

ಉತ್ತರ: ನಿಮ್ಮದು ಸರಿಯಾಗಿಯೇ ಇದೆ. ಒಳಗಿನ ಸೆಲ್ 3.7 ವೋಲ್ಟ್, ಹೊರಗೆ ಬರುವುದು 5 ವೋಲ್ಟ್. ಆ ಲೆಕ್ಕದಲ್ಲೇ 10,000 ಎಂಬುದು 7,400ಕ್ಕೆ ಇಳಿಯುತ್ತದೆ, ಬಿಸಿಯಾಗಿ ಹೋಗುವುದು ಬೇರೆ. ಕೈಗೆ ಸಿಗುವುದು ಸುಮಾರು 6,000. ಎರಡು ರಾತ್ರಿಯ ಚಾರಣಕ್ಕೆ ಒಬ್ಬರಿಗೆ ಅಷ್ಟು ಸಾಕು, ಏರೋಪ್ಲೇನ್ ಮೋಡ್ ಪಾಲಿಸಿದರೆ. ಮಳೆಗಾಲದಲ್ಲಿ ಕೇಬಲ್ ಕೂಡ ಜಿಪ್ ಕವರ್‌ನಲ್ಲಿರಲಿ, ಒದ್ದೆಯಾದ ಪೋರ್ಟ್‌ಗೆ ಚಾರ್ಜರ್ ಚುಚ್ಚಬೇಡಿ.

ಪ್ರಶ್ನೆ: ಲಡಾಖ್‌ಗೆ ಬೈಕ್‌ನಲ್ಲಿ ಹೊರಟಿದ್ದೇವೆ. ನಮ್ಮ ಸಿಮ್ ನಡೆಯುತ್ತದೆಯೇ?
– ಓದುಗರು, ದಾವಣಗೆರೆ

ಉತ್ತರ: ಪ್ರಿಪೇಯ್ಡ್ ಆದರೆ ನಡೆಯುವುದಿಲ್ಲ. ಹೊರರಾಜ್ಯದ ಪ್ರಿಪೇಯ್ಡ್ ಸಿಮ್‌ಗೆ ಜಮ್ಮು-ಕಾಶ್ಮೀರ, ಲಡಾಖ್‌ನಲ್ಲಿ ಸೇವೆ ಇರುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಹೊರಡುವ ಹಿಂದಿನ ದಿನ ಬದಲಾಯಿಸಲು ಹೋಗಬೇಡಿ, ವಾರಗಳ ಮೊದಲೇ ಮಾಡಿಸಿ. ಚಳಿಯಲ್ಲಿ ಬ್ಯಾಟರಿ ಬೇಗ ಕೈಕೊಡುತ್ತದೆ, ಹಗಲು ಜಾಕೆಟ್ ಒಳಜೇಬಿನಲ್ಲಿ, ರಾತ್ರಿ ಸ್ಲೀಪಿಂಗ್ ಬ್ಯಾಗ್ ಒಳಗೆ ಇಟ್ಟುಕೊಳ್ಳಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಸೆಲ್ ಶಾಶ್ವತವಾಗಿ ಹಾಳಾಗುತ್ತದೆ.

ಪ್ರಶ್ನೆ: ಕಾಲು ಮುರಿದುಕೊಂಡರೆ, ನಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೆ?
– ಓದುಗರು, ಶಿರಸಿ

ಉತ್ತರ: ಆದರೂ 112 ಒತ್ತಿ ನೋಡಿ. 'ಎಮರ್ಜೆನ್ಸಿ ಕಾಲ್ಸ್ ಓನ್ಲಿ' ಎಂದು ತೋರಿಸುತ್ತಿದ್ದರೆ ಬೇರೆ ಕಂಪನಿಯ ಟವರ್ ಸಿಕ್ಕಿದೆ ಎಂದರ್ಥ. ಕರೆಗೆ ಮೊದಲೇ ನಕ್ಷೆಯಲ್ಲಿ ನೀಲಿ ಚುಕ್ಕಿಯ ಮೇಲೆ ಬೆರಳು ಒತ್ತಿ ಹಿಡಿದು ಅಕ್ಷಾಂಶ, ರೇಖಾಂಶ ಬರೆದುಕೊಳ್ಳಿ. ದಶಾಂಶದ ನಂತರ ನಾಲ್ಕು ಅಂಕಿ ಇದ್ದರೆ ಸುಮಾರು 11 ಮೀಟರ್‌ನಷ್ಟು ಕರಾರುವಾಕ್ಕು. ನೆಟ್‌ವರ್ಕ್ ಇಲ್ಲದಾಗ ಜಿಪಿಎಸ್ ಜಾಗ ಹಿಡಿಯಲು ಕೆಲವು ನಿಮಿಷ ಬೇಕು, ದಟ್ಟ ಮರಗಳಡಿ ಇನ್ನೂ ತಡ. ಆಕಾಶ ಕಾಣುವಲ್ಲಿ ಫೋನ್ ಅಂಗಾತ ಇಟ್ಟು ಕಾಯಿರಿ. ಕರೆ ಹೋಗದಿದ್ದರೆ ಗಾಯಾಳುವಿನ ಜೊತೆ ಒಬ್ಬರು ಉಳಿದು, ಇಬ್ಬರು ಆ ಅಂಕಿ ಬರೆದ ಚೀಟಿ ಹಿಡಿದು ಹತ್ತಿದ ದಾರಿಯಲ್ಲೇ ಇಳಿಯಲಿ. ಉಳಿದವರು ನಿಮಿಷಕ್ಕೆ ಆರು ಸಲ ಸೀಟಿ ಊದಿ ಒಂದು ನಿಮಿಷ ಬಿಡುವು ಕೊಡುತ್ತಿರಬೇಕು, ಕತ್ತಲಾದರೆ ಟಾರ್ಚ್‌ನಲ್ಲೂ ಹೀಗೆಯೇ. ನಿಮಿಷಕ್ಕೆ ಮೂರು ಸಲ ಮರುಸೀಟಿ ಕೇಳಿಸಿದರೆ ಅದು ನಿಮಗೆ ಬಂದ ಉತ್ತರ. ಆಮೇಲೂ ಜಾಗ ಬಿಟ್ಟು ಕದಲಬೇಡಿ, ಅವರು ಬಂದು ಮುಟ್ಟುವವರೆಗೆ ಊದುತ್ತಲೇ ಇರಿ.